ಮಚ್ಚಿಗೆ ಮಾಫಿ, ಮುತ್ತಿಗೆ ಕತ್ತರಿ

ಕೆಜಿಎಫ್ ಎರಡನೇ ಭಾಗದ ಆ ದೃಶ್ಯ ನಿಮಗೂ ನೆನಪಿರಬಹುದು. ರಾಕಿ 'ದೊಡ್ಡಮ್ಮ' ಅನ್ನೋ ಭಾರಿ ಮೆಷಿನ್ ಗನ್ ಹಿಡಿದು ಪೊಲೀಸ್ ಠಾಣೆಯ ಮೇಲೆ ಗುಂಡಿನ ಮಳೆ ಸುರಿಸುತ್ತಾನೆ. ಜೀಪುಗಳು ಚಿಂದಿಯಾಗುತ್ತವೆ. ಕೊನೆಗೆ ಗನ್ನಿನ ನಳಿಗೆ ಕೆಂಪಗೆ ಕಾದಿರುತ್ತದೆ. ಅದಕ್ಕೇ ಸಿಗರೇಟು ತಾಗಿಸಿ ಹಚ್ಚಿಕೊಳ್ಳುತ್ತಾನೆ. ಥಿಯೇಟರ್ ತುಂಬಾ ಶಿಳ್ಳೆ. ಆ ಹೊತ್ತಿಗೆ ಸರಿಯಾಗಿ ಪರದೆಯ ಕೆಳಗಡೆ ಒಂದು ಸಾಲು ಬರುತ್ತದೆ, ಧೂಮಪಾನ ಆರೋಗ್ಯಕ್ಕೆ ಹಾನಿಕರ ಅಂತ.

ಗನ್ನಿನ ಬಗ್ಗೆ ಒಂದಕ್ಷರವೂ ಇಲ್ಲ.

ಇದು ಸೆನ್ಸಾರಿನವರ ತಮಾಷೆ ಅಲ್ಲ, ನಿಯಮ. 2012ರ ಅಕ್ಟೋಬರ್‌ನಿಂದ ತೆರೆಯ ಮೇಲೆ ಬೀಡಿ, ಸಿಗರೇಟು ಕಂಡರೆ ಎಚ್ಚರಿಕೆ ಹಾಕಲೇಬೇಕು. ಗುಂಡು ಹಾರಿಸಿದರೆ ಹಾಕಬೇಕು ಅಂತ ಯಾರೂ ಬರೆದಿಲ್ಲ. 2022ರಲ್ಲಿ ಬಂದ ಆ ಚಿತ್ರಕ್ಕೆ ಸಿಕ್ಕಿದ್ದು ಯು/ಎ. ಅಂದರೆ ಅಪ್ಪ ಅಮ್ಮ ಒಪ್ಪಿದರೆ ಮಕ್ಕಳೂ ನೋಡಬಹುದು. ನಾನೂ ಶಿಳ್ಳೆ ಹೊಡೆದವನೇ, ಅದನ್ನು ಮುಚ್ಚಿಡಲ್ಲ.

ಈಗ 2025ರ ಜುಲೈಗೆ ಬನ್ನಿ. ಹಾಲಿವುಡ್‌ನ ಹೊಸ ಸೂಪರ್‌ಮ್ಯಾನ್ ಇಲ್ಲಿ ಬಿಡುಗಡೆಯಾಯಿತು. ಕಟ್ಟಡ ಕುಸಿಯುವುದು, ನಗರ ಸೀಳುವುದು ಎಲ್ಲ ಹಾಗೇ ಇತ್ತು. ನಮ್ಮ ಸೆನ್ಸಾರ್ ಮಂಡಳಿ ಕತ್ತರಿಸಿದ್ದು ನಾಯಕ ನಾಯಕಿ ಮುತ್ತಿಡುವ ದೃಶ್ಯದ 33 ಸೆಕೆಂಡನ್ನು. ಅದಕ್ಕೂ ಹತ್ತು ವರ್ಷ ಹಿಂದೆ, 2015ರಲ್ಲಿ, ಜೇಮ್ಸ್ ಬಾಂಡ್‌ನ ಸ್ಪೆಕ್ಟರ್ ಬಂದಾಗ ಮುತ್ತುಗಳನ್ನು ಅರ್ಧಕ್ಕರ್ಧ ಮೊಟಕು ಮಾಡಿದ್ದರು. ಬಾಂಡ್ ಎಷ್ಟು ಜನರನ್ನು ಕೊಲ್ಲಬಹುದು ಅನ್ನುವುದಕ್ಕೆ ಮಿತಿ ಇರಲಿಲ್ಲ, ಎಷ್ಟು ಹೊತ್ತು ಮುತ್ತಿಡಬಹುದು ಅನ್ನುವುದಕ್ಕೆ ಮಾತ್ರ ಇತ್ತು. 2023ರಲ್ಲಿ ಆಪನ್‌ಹೈಮರ್ ಬಂತು. ಅಣುಬಾಂಬ್ ಮಾಡಿದವನ ಕಥೆ. ಇಲ್ಲಿ ಯು/ಎ ಪಡೆದ ಪ್ರತಿಯಲ್ಲಿ ಬೆತ್ತಲೆ ನಟಿಗೆ ಕಂಪ್ಯೂಟರಿನಲ್ಲೇ ಒಂದು ಕಪ್ಪು ಫ್ರಾಕು ತೊಡಿಸಿದ್ದರು.

ಇದನ್ನೆಲ್ಲ ಓದಿ 'ಸೆನ್ಸಾರಿನವರಿಗೆ ಬುದ್ಧಿ ಇಲ್ಲ' ಅಂತ ನಕ್ಕು ಮುಂದೆ ಹೋಗಬಹುದು. ಆದರೆ ಮನೆಯಲ್ಲಿ ನಾವು ಮಾಡುವುದೂ ಅದೇ ಅಲ್ವಾ? ಭಾನುವಾರ ಮಧ್ಯಾಹ್ನ ಟಿವಿಯಲ್ಲಿ ಲಾಂಗು ಬೀಸುತ್ತಿದ್ದರೆ ಮಂಡಕ್ಕಿ ತಿನ್ನುವ ಕೈ ನಿಲ್ಲುವುದಿಲ್ಲ. ಇಬ್ಬರ ಮುಖ ಹತ್ತಿರ ಬಂದರೆ ಸಾಕು, ಒಬ್ಬರು ರಿಮೋಟ್ ಹುಡುಕುತ್ತಾರೆ, ಇನ್ನೊಬ್ಬರಿಗೆ ಒಲೆ ಮೇಲೆ ಹಾಲು ಇಟ್ಟದ್ದು ನೆನಪಾಗುತ್ತದೆ. ಮಂಡಳಿ ಮಾಡುವುದು ಇದನ್ನೇ, ಠಸ್ಸೆ ಒತ್ತಿ ಮಾಡುತ್ತದೆ ಅಷ್ಟೆ. ಹಾಗಾದರೆ ಈ ಲೆಕ್ಕ ಎಲ್ಲಿಂದ ಬಂತು?

ಮೊದಲು ನಿಯಮದ ಪುಸ್ತಕ ತೆರೆಯೋಣ. ಅಲ್ಲೇ ಒಂದು ಆಶ್ಚರ್ಯ ಇದೆ.

ನಮ್ಮಲ್ಲಿ ಸಿನಿಮಾಗೆ ಸರ್ಟಿಫಿಕೇಟ್ ಕೊಡುವುದು 1952ರ ಸಿನಿಮಾಟೋಗ್ರಾಫ್ ಕಾಯ್ದೆಯ ಪ್ರಕಾರ. ಬೆಂಗಳೂರೂ ಸೇರಿ ಒಂಬತ್ತು ಊರುಗಳಲ್ಲಿ ಮಂಡಳಿಯ ಕಚೇರಿಗಳಿವೆ. ಏನನ್ನು ಬಿಡಬೇಕು, ಏನನ್ನು ಕತ್ತರಿಸಬೇಕು ಅನ್ನುವುದಕ್ಕೆ 1991ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿ ಇದೆ. ಅದರ ಪಟ್ಟಿಯಲ್ಲಿ ಮೊಟ್ಟಮೊದಲು ಬರುವುದು ಹಿಂಸೆ. ಹಿಂಸೆಯಂಥ ಸಮಾಜವಿರೋಧಿ ಕೆಲಸಗಳನ್ನು ವೈಭವೀಕರಿಸಬಾರದು, ಸಮರ್ಥಿಸಲೂಬಾರದು ಅನ್ನುತ್ತದೆ. ಸ್ವಲ್ಪ ಕೆಳಗೆ, ಅರ್ಥವಿಲ್ಲದ, ತಪ್ಪಿಸಬಹುದಾದ ಹಿಂಸೆ, ಕ್ರೌರ್ಯ ಬೇಡ ಅನ್ನುತ್ತದೆ. ಅಶ್ಲೀಲತೆ, ಡಬಲ್ ಮೀನಿಂಗ್ ಮಾತು, ಹೆಣ್ಣನ್ನು ಕೀಳಾಗಿ ತೋರಿಸುವುದು, ಇವೆಲ್ಲ ಆಮೇಲೆ ಬರುತ್ತವೆ. ಮುತ್ತು ಅನ್ನುವ ಪದವೇ ಆ ಪಟ್ಟಿಯಲ್ಲಿಲ್ಲ.

ಹಾಗಾದರೆ ಕಾಗದದಲ್ಲಿ ಹಿಂಸೆಯೇ ದೊಡ್ಡ ತಪ್ಪು. ಆದರೂ ಕತ್ತರಿ ಬೀಳುವುದು ಬೇರೆ ಕಡೆ. ಗುಟ್ಟು ಇರುವುದು 'ಅರ್ಥವಿಲ್ಲದ' ಅನ್ನುವ ಪದದಲ್ಲಿ.

ನಮ್ಮ ಒಂದು ಮಾಸ್ ಪಿಕ್ಚರ್ ತೆಗೆದುಕೊಳ್ಳಿ. ಮೊದಲರ್ಧದಲ್ಲಿ ವಿಲನ್ ನಾಯಕನ ತಂಗಿಯನ್ನು ಕೊಲ್ಲುತ್ತಾನೆ, ತಾಯಿಯನ್ನು ಬೀದಿಗೆ ಎಳೆಯುತ್ತಾನೆ. ಅಲ್ಲಿಂದ ಮುಂದೆ ನಾಯಕ ನಲವತ್ತು ಜನರನ್ನು ಕೊಚ್ಚಿದರೂ ಅದು 'ಅರ್ಥವಿಲ್ಲದ' ಹಿಂಸೆ ಆಗುವುದೇ ಇಲ್ಲ. ಅರ್ಥವನ್ನು ಕಥೆ ಮೊದಲೇ ಕೊಟ್ಟುಬಿಟ್ಟಿದೆ. ಸೇಡು, ನ್ಯಾಯ, ಊರಿನ ಮರ್ಯಾದೆ, ಯಾವುದಾದರೂ ಒಂದು. ನಮ್ಮ ಕಥೆಗಾರರಿಗೆ ಮಚ್ಚಿಗೆ ಕಾರಣ ಹುಡುಕುವುದು ನೀರು ಕುಡಿದಷ್ಟು ಸುಲಭ. ಆದರೆ ಇಬ್ಬರು ಪ್ರೀತಿಸಿ ಒಬ್ಬರನ್ನೊಬ್ಬರು ಮುಟ್ಟಿದರೆ, ಅದಕ್ಕೆ ಕಥೆ ಏನು ಕಾರಣ ಕೊಡಬೇಕು? ಅವರಿಗೆ ಬೇಕೆನಿಸಿತು, ಅಷ್ಟೆ. ಹಿಂಸೆಗೆ ಇಲ್ಲಿ ನೆಪ ಸಿಗುತ್ತದೆ. ಆಸೆಗೆ ನೆಪ ಇಲ್ಲ, ಅದು ತಾನೇ ತನಗೆ ಕಾರಣ. ಹಾಗಾಗಿ 'ಇದು ಕಥೆಗೆ ಬೇಕಿತ್ತಾ?' ಅನ್ನುವ ಪ್ರಶ್ನೆ ಮುತ್ತಿಗೆ ಬರುತ್ತದೆ, ಮಚ್ಚಿಗೆ ಬರುವುದಿಲ್ಲ.

ಈ ತರ್ಕ ಎಷ್ಟು ವಿಕಾರವಾಗಬಹುದು ಅನ್ನುವುದಕ್ಕೆ ಎಪ್ಪತ್ತು, ಎಂಬತ್ತರ ದಶಕದ ಚಿತ್ರಗಳನ್ನು ನೆನಪಿಸಿಕೊಳ್ಳಿ. ಹಿಂದಿಯಲ್ಲೂ, ದಕ್ಷಿಣದ ಭಾಷೆಗಳಲ್ಲೂ ಅತ್ಯಾಚಾರದ ದೃಶ್ಯ ಅನ್ನುವುದು ಫೈಟು, ಹಾಡಿನ ಹಾಗೆ ಒಂದು ಮಾಮೂಲಿ ಐಟಂ ಆಗಿಹೋಗಿತ್ತು. ನಿಮಿಷಗಟ್ಟಲೆ ಓಡುತ್ತಿತ್ತು. ಹರಿಯುವ ಸೀರೆ, ಒಡೆಯುವ ಬಳೆ, ಕ್ಯಾಮೆರಾ ಎಲ್ಲವನ್ನೂ ಸಾವಕಾಶವಾಗಿ ನೋಡುತ್ತಿತ್ತು. ಅದೇ ಚಿತ್ರದ ನಾಯಕ ನಾಯಕಿ ಒಪ್ಪಿ ಮುತ್ತಿಡುವ ಹೊತ್ತಿಗೆ ಎರಡು ಹೂ ಬಂದು ಒಂದಕ್ಕೊಂದು ತಾಗುತ್ತಿದ್ದವು, ಇಲ್ಲವೇ ಎರಡು ಗಿಳಿ. ಬಲವಂತ ತೋರಿಸಬಹುದು, ಯಾಕೆಂದರೆ ಅದು ವಿಲನ್ನಿನ ಕೆಲಸ, ಕೊನೆಗೆ ಅವನಿಗೆ ಶಿಕ್ಷೆ ಆಗುತ್ತದೆ, ಕಥೆಗೆ ಬೇಕು. ಒಪ್ಪಿಗೆ ತೋರಿಸುವಂತಿಲ್ಲ. ಮೈ ಕಾಣುವುದೇ ತಪ್ಪು ಅಂತಿದ್ದರೆ ಎರಡಕ್ಕೂ ಕತ್ತರಿ ಬೀಳಬೇಕಿತ್ತು. ನಾವು ಹೆದರಿದ್ದು ಮೈಗಲ್ಲ, ಹೆಣ್ಣು ಖುಷಿಯಿಂದ ಒಪ್ಪುವುದಕ್ಕೆ ಅಂತ ನನಗೆ ಅನ್ನಿಸುವುದು ಇದೇ ಕಾರಣಕ್ಕೆ. 2017ರಲ್ಲಿ ಲಿಪ್‌ಸ್ಟಿಕ್ ಅಂಡರ್ ಮೈ ಬುರ್ಖಾ ಚಿತ್ರಕ್ಕೆ ಸರ್ಟಿಫಿಕೇಟ್ ನಿರಾಕರಿಸಿದಾಗ ಮಂಡಳಿ ಕೊಟ್ಟ ಪತ್ರದಲ್ಲಿ, ಕಥೆ ಹೆಂಗಸರ ಸುತ್ತ ಇದೆ, ಅವರ ಕಲ್ಪನೆಗಳು ಬದುಕನ್ನು ಮೀರಿದವು ಅಂತ ಬರೆದಿತ್ತು! ಆಮೇಲೆ ಮೇಲ್ಮನವಿಯಲ್ಲಿ 'ಎ' ಸಿಕ್ಕಿ ಚಿತ್ರ ಬಿಡುಗಡೆಯಾಯಿತು. ಆ ಮೇಲ್ಮನವಿ ನ್ಯಾಯಮಂಡಳಿಯನ್ನೇ 2021ರಲ್ಲಿ ರದ್ದು ಮಾಡಿದ್ದಾರೆ. ಈಗ ಸಿಟ್ಟು ಬಂದ ನಿರ್ಮಾಪಕ ಸೀದಾ ಹೈಕೋರ್ಟ್ ಮೆಟ್ಟಿಲು ಹತ್ತಬೇಕು.

ಕೋರ್ಟ್ ಅಂದಾಗ ಎರಡನೇ ಗಂಟು ಸಿಗುತ್ತದೆ. ಕಾನೂನಿನಲ್ಲಿ 'ಅಶ್ಲೀಲ' ಅನ್ನುವ ಪದ ಇರುವುದು ಕಾಮಕ್ಕೆ ಮಾತ್ರ. ಹಳೆ ದಂಡ ಸಂಹಿತೆಯ 292ನೇ ಕಲಂ ಇರಲಿ, ಈಗಿನ ಭಾರತೀಯ ನ್ಯಾಯ ಸಂಹಿತೆಯ 294 ಇರಲಿ, ಕಾಮವನ್ನು ಕೆರಳಿಸುವಂಥದ್ದು ಅಶ್ಲೀಲ ಅನ್ನುತ್ತದೆ. ತಲೆ ಕಡಿಯುವುದನ್ನು ಎಷ್ಟೇ ಸವಿದು ತೋರಿಸಿದರೂ ಅದಕ್ಕೆ ಈ ಪದ ಅಂಟುವುದಿಲ್ಲ. ಅಸಹ್ಯ ಅನ್ನಬಹುದು, ಅಶ್ಲೀಲ ಅನ್ನಲಾಗದು.

ಯಾವುದು ಅಶ್ಲೀಲ ಅಂತ ಅಳೆಯಲು ನಮ್ಮ ಕೋರ್ಟುಗಳು ಬಹುಕಾಲ ಬಳಸಿದ್ದು 1868ರ ಒಂದು ಇಂಗ್ಲಿಷ್ ತೀರ್ಪಿನ ಅಳತೆಗೋಲು. ಹಿಕ್ಲಿನ್ ಪರೀಕ್ಷೆ ಅಂತ ಹೆಸರು. ಸುಲಭವಾಗಿ ಕೆಡುವ ಮನಸ್ಸಿನವರ ಕೈಗೆ ಇದು ಸಿಕ್ಕರೆ ಅವರು ಕೆಡುತ್ತಾರಾ? ಕೆಡುತ್ತಾರೆ ಅಂದರೆ ಅಶ್ಲೀಲ. ಅಂದರೆ ಊರಿನ ಅತಿ ದುರ್ಬಲ ಮನಸ್ಸಿನವನಿಗೆ ತಕ್ಕಂತೆ ಊರಿಗೆಲ್ಲ ಅಡುಗೆ. 1964ರಲ್ಲಿ ಲೇಡಿ ಚ್ಯಾಟರ್ಲೀಸ್ ಲವರ್ ಕಾದಂಬರಿ ಮಾರಿದ ಪುಸ್ತಕದಂಗಡಿಯವನ ಮೇಲಿನ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಒಪ್ಪಿಕೊಂಡಿತು. 1970ರಲ್ಲಿ ಚಿತ್ರ ನಿರ್ದೇಶಕ ಕೆ. ಎ. ಅಬ್ಬಾಸ್ ಹಾಕಿದ ಕೇಸಿನಲ್ಲಿ ಸ್ವಲ್ಪ ಗಾಳಿ ಬೀಸಿತು. ಮುಂಬೈಯ ಕೆಂಪುದೀಪದ ಬೀದಿಯನ್ನು ತೋರಿಸಿದ ಸಾಕ್ಷ್ಯಚಿತ್ರ ಅದು. ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಸೆನ್ಸಾರ್ ಬೇಕು ಅಂತಲೇ ಹೇಳಿದರು. ಜತೆಗೆ, ಕಾಮ ಮತ್ತು ಅಶ್ಲೀಲತೆ ಒಂದೇ ಅಲ್ಲ, ಅತಿ ಕೆಟ್ಟ ಮನಸ್ಸಿನವನನ್ನು ಕಾಯುವ ಸಲುವಾಗಿ ಉಳಿದವರೆಲ್ಲ ಏನು ನೋಡಬೇಕು ಅನ್ನುವುದನ್ನು ತೀರ್ಮಾನಿಸುವ ಹಾಗಾಗಬಾರದು ಅಂತಲೂ ಬರೆದರು. ಅದೇ ಸುಮಾರಿಗೆ, ಸೆನ್ಸಾರ್ ಬಗ್ಗೆ ಸರ್ಕಾರವೇ ನೇಮಿಸಿದ್ದ ಜಿ. ಡಿ. ಖೋಸ್ಲಾ ಸಮಿತಿ, ಕಥೆಗೆ ಅಗತ್ಯ ಇದ್ದರೆ ಮುತ್ತೂ ಇರಲಿ, ಬೆತ್ತಲೆಯೂ ಇರಲಿ ಅಂತ ಶಿಫಾರಸು ಮಾಡಿತ್ತು. ವರದಿ ಕಪಾಟು ಸೇರಿತು, ಗಿಳಿಗಳು ಹಾಡುತ್ತಲೇ ಇದ್ದವು.

ನನ್ನ ಪ್ರಕಾರ ಈ ಸಾಲಿನಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು 1996ರ ಬ್ಯಾಂಡಿಟ್ ಕ್ವೀನ್ ತೀರ್ಪು. ಡಕಾಯಿತಳಾದ ಫೂಲನ್ ದೇವಿಯ ಕಥೆ ಅದು. ಊರ ಮುಂದೆ ಅವಳನ್ನು ಬೆತ್ತಲೆ ಮಾಡಿ ಬಾವಿಯಿಂದ ನೀರು ಸೇದಿಸುವ ದೃಶ್ಯ ಆ ಚಿತ್ರದಲ್ಲಿದೆ. ಅದು ಅಶ್ಲೀಲ ಅಂತ ಕೇಸು. ಸುಪ್ರೀಂ ಕೋರ್ಟ್ ಹೇಳಿದ್ದಿಷ್ಟು: ಈ ದೃಶ್ಯ ನೋಡಿದವನಿಗೆ ಕಾಮ ಹುಟ್ಟುವುದಿಲ್ಲ, ಅವಳ ಮೇಲೆ ಮರುಕ ಹುಟ್ಟುತ್ತದೆ, ಮಾಡಿದವರ ಮೇಲೆ ಹೇಸಿಗೆ ಹುಟ್ಟುತ್ತದೆ. ಷಿಂಡ್ಲರ್ಸ್ ಲಿಸ್ಟ್ ಚಿತ್ರದಲ್ಲಿ ನಾಜಿ ಶಿಬಿರದ ಬೆತ್ತಲೆ ಜನರ ಸಾಲನ್ನೂ ಉದಾಹರಣೆ ಕೊಟ್ಟಿತು. ಬರೀ ಬೆತ್ತಲೆ ಅನ್ನುವ ಕಾರಣಕ್ಕೆ ಯಾವುದೂ ಅಶ್ಲೀಲ ಆಗುವುದಿಲ್ಲ ಅನ್ನುವ ಮಾತು ಅಲ್ಲಿಗೆ ಗಟ್ಟಿಯಾಯಿತು. ಹಿಕ್ಲಿನ್ ಅಳತೆಗೋಲನ್ನು ಪೂರ್ತಿ ಕೈಬಿಟ್ಟದ್ದು 2014ರಲ್ಲಿ, ಟೆನಿಸ್ ಆಟಗಾರ ಬೋರಿಸ್ ಬೆಕರ್ ತನ್ನ ಗೆಳತಿಯ ಜತೆ ಬೆತ್ತಲೆ ನಿಂತ ಫೋಟೋ ಕೇಸಿನಲ್ಲಿ. ಬ್ರಿಟನ್ನಿನವರೇ ಅದನ್ನು ಎಂದೋ ಮೂಲೆಗೆ ಹಾಕಿದ್ದರು.

ಇದು ನಮ್ಮೊಬ್ಬರ ಕಥೆ ಅಂದುಕೊಳ್ಳಬೇಡಿ. ಹಾಲಿವುಡ್‌ನ ಅಮೆರಿಕ ಈ ವಿಷಯದಲ್ಲಿ ನಮಗೆ ಹತ್ತಿರದ ನೆಂಟ.

2004ರ ಫೆಬ್ರವರಿ. ಸೂಪರ್ ಬೌಲ್ ಫುಟ್‌ಬಾಲ್ ಪಂದ್ಯದ ನಡುವಿನ ಹಾಡಿನ ಕಾರ್ಯಕ್ರಮದಲ್ಲಿ ಜಾನೆಟ್ ಜಾಕ್ಸನ್ ಅವರ ಎದೆ ಒಂದು ಸೆಕೆಂಡಿನ ಹದಿನಾರನೇ ಒಂಬತ್ತು ಭಾಗದಷ್ಟು ಹೊತ್ತು ಕಂಡಿತು. ಸುಮ್ನೆ ಒಮ್ಮೆ ಕಣ್ಣು ಮಿಟುಕಿಸಿ ನೋಡಿ, ಅಷ್ಟೆ ಹೊತ್ತು. ಐದು ಲಕ್ಷಕ್ಕೂ ಜಾಸ್ತಿ ದೂರು ಬಂದವು. ಪ್ರಸಾರ ಆಯೋಗ ಸಿಬಿಎಸ್ ವಾಹಿನಿಗೆ 5,50,000 ಡಾಲರ್ ದಂಡ ಹಾಕಿತು. ಕೋರ್ಟುಗಳು ದಂಡವನ್ನು ರದ್ದು ಮಾಡಿ ಕೇಸು ಮುಗಿಯುವ ಹೊತ್ತಿಗೆ 2012 ಆಗಿತ್ತು. ಆ ಹಾಡಿನ ಹಿಂದೆಯೂ ಮುಂದೆಯೂ ಹೆಲ್ಮೆಟ್ ಹಾಕಿದ ದಾಂಡಿಗರು ಒಬ್ಬರಿಗೊಬ್ಬರು ಗುದ್ದಿ ಬೀಳುತ್ತಲೇ ಇದ್ದರು. ಅದರ ಬಗ್ಗೆ ದೂರು ಕೊಡಬೇಕು ಅಂತ ಯಾರಿಗೆ ಹೊಳೆಯಬೇಕು?

ಮರುವರ್ಷದ ಗಲಾಟೆ ಒಂದು ವಿಡಿಯೋ ಗೇಮ್‌ನದು. ಗ್ರ್ಯಾಂಡ್ ಥೆಫ್ಟ್ ಆಟೋ ಸ್ಯಾನ್ ಆಂಡ್ರಿಯಾಸ್ ಅನ್ನುವ ಆಟ. ಕಾರು ಕದಿಯಬಹುದು, ದಾರಿಹೋಕರ ಮೇಲೆ ಕಾರು ಹತ್ತಿಸಬಹುದು, ಪೊಲೀಸರಿಗೆ ಗುಂಡು ಹೊಡೆಯಬಹುದು. 17 ವರ್ಷ ದಾಟಿದವರಿಗೆ ಅಂತ ಅಂಗಡಿಯಲ್ಲಿ ಆರಾಮಾಗಿ ಮಾರಾಟವಾಗುತ್ತಿತ್ತು. ಆಟ ಮಾಡಿದವರು ತೆಗೆಯಲು ಸೋಮಾರಿತನ ಮಾಡಿ ಒಳಗೇ ಹೂತುಬಿಟ್ಟಿದ್ದ ಒಂದು ದೃಶ್ಯವನ್ನು 2005ರಲ್ಲಿ ಯಾರೋ ಕೆದಕಿ ಹೊರತೆಗೆದರು. ಬಟ್ಟೆ ಹಾಕಿಕೊಂಡ ಬೊಂಬೆಗಳ ಒರಟು ಪ್ರಣಯ. ಆಟದ ವಯಸ್ಸು 17ರಿಂದ 18ಕ್ಕೆ ಏರಿತು. ಒಂದೇ ವರ್ಷದ ವ್ಯತ್ಯಾಸ, ಆದರೆ 18ರ ಮೊಹರು ಬಿದ್ದ ಕೂಡಲೇ ದೊಡ್ಡ ಅಂಗಡಿಗಳು ಕಪಾಟಿನಿಂದ ಎತ್ತಿಬಿಟ್ಟವು.

ಈ ವಿಚಿತ್ರವನ್ನು ಅಲ್ಲಿನ ನ್ಯಾಯಾಧೀಶರೊಬ್ಬರೇ ಎತ್ತಿ ಹೇಳಿದ್ದಾರೆ. ಹಿಂಸೆಯ ವಿಡಿಯೋ ಗೇಮ್‌ಗಳನ್ನು ಮಕ್ಕಳಿಗೆ ಮಾರಬಾರದು ಅಂತ ಕ್ಯಾಲಿಫೋರ್ನಿಯಾ ಮಾಡಿದ ಕಾನೂನನ್ನು 2011ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೊಡೆದುಹಾಕಿತು. ಅಶ್ಲೀಲತೆ ಅನ್ನುವುದು ಕಾಮಕ್ಕೆ ಸಂಬಂಧಿಸಿದ್ದು, ಹಿಂಸೆ ಅದರಲ್ಲಿ ಸೇರುವುದಿಲ್ಲ ಅಂತ ಬಹುಮತದ ತೀರ್ಪು. ಮಕ್ಕಳ ಕಥೆಗಳಲ್ಲೇ ಮುದುಕಿಯನ್ನು ಒಲೆಗೆ ತಳ್ಳಿ ಸುಡುವುದಿಲ್ಲವಾ ಅಂತ ನ್ಯಾಯಮೂರ್ತಿ ಸ್ಕಾಲಿಯಾ ಗ್ರಿಮ್ ಸೋದರರ ಕಥೆ ಎತ್ತಿದರು. ಒಪ್ಪದೇ ಬೇರೆ ಬರೆದ ನ್ಯಾಯಮೂರ್ತಿ ಬ್ರೇಯರ್ ಕೇಳಿದ ಪ್ರಶ್ನೆಯ ಸಾರ ಹೀಗಿದೆ: 13ರ ಹುಡುಗನಿಗೆ ಬೆತ್ತಲೆ ಹೆಣ್ಣಿನ ಚಿತ್ರ ಇರುವ ಪತ್ರಿಕೆ ಮಾರಬಾರದಂತೆ. ಅದೇ ಹುಡುಗ ಆಟದೊಳಗೆ ಹೆಣ್ಣನ್ನು ಕಟ್ಟಿಹಾಕಿ, ಬಾಯಿಗೆ ಬಟ್ಟೆ ತುರುಕಿ, ಹಿಂಸಿಸಿ ಕೊಂದರೆ ಆ ಆಟ ಮಾರಬಹುದಂತೆ. ಇದರಲ್ಲಿ ಏನು ಅರ್ಥ ಇದೆ?

ಅಮೆರಿಕದಿಂದ ಇನ್ನೊಂದು ಪಾಠ ಇದೆ, ಇದು ನಮಗೂ ಹೊಂದುತ್ತದೆ. 1984ರಲ್ಲಿ ಅಲ್ಲಿ ಪಿಜಿ-13 ಅನ್ನುವ ಹೊಸ ದರ್ಜೆ ಹುಟ್ಟಿತು, 13ರೊಳಗಿನ ಮಕ್ಕಳ ಅಪ್ಪ ಅಮ್ಮ ಹುಷಾರಾಗಿರಿ ಅಂತ ಹೇಳುವ ದರ್ಜೆ. ಹುಟ್ಟಿದ್ದೇ ಹಿಂಸೆಯ ದೂರಿನಿಂದ. ಆಮೇಲೇನಾಯಿತು? ನಿರ್ಮಾಪಕರು ಆ ಗೆರೆ ಎಲ್ಲಿದೆ ಅಂತ ಕಲಿತುಕೊಂಡರು. ರಕ್ತ ತೋರಿಸಿದರೆ ದೊಡ್ಡವರ ದರ್ಜೆ. ರಕ್ತ ಇಲ್ಲದೆ ಎಷ್ಟು ಜನ ಬಿದ್ದರೂ ಪಿಜಿ-13. 2013ರಲ್ಲಿ ಪೀಡಿಯಾಟ್ರಿಕ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ ಈ ದರ್ಜೆಯ ಚಿತ್ರಗಳಲ್ಲಿ ಬಂದೂಕಿನ ಹಿಂಸೆ 1985ರಿಂದ ಮೂರು ಪಟ್ಟಿಗೂ ಜಾಸ್ತಿಯಾಗಿತ್ತು. ಇಲ್ಲೊಂದು ತಲೆಕೆಳಗಾದ ಲೆಕ್ಕ ಇದೆ ನೋಡಿ. ಗುಂಡು ತಗುಲಿದರೆ ನಿಜಕ್ಕೂ ಏನಾಗುತ್ತದೆ, ಎಷ್ಟು ನೋವು, ಎಷ್ಟು ರಕ್ತ ಅಂತ ತೋರಿಸುವ ಚಿತ್ರ ದೊಡ್ಡವರಿಗೆ ಮಾತ್ರ. ಸಾಯುವುದು ಅಂದರೆ ಸುಮ್ನೆ ಪಕ್ಕಕ್ಕೆ ಉರುಳುವುದು ಅಂತ ತೋರಿಸುವ ಚಿತ್ರ ಮಕ್ಕಳಿಗೆ. ನಮ್ಮಲ್ಲೂ ಯು/ಎ ಬೇಕು ಅಂದರೆ ರಕ್ತದ ಬಣ್ಣ ಮಂಕು ಮಾಡುತ್ತಾರೆ, ಕತ್ತು ಕಡಿಯುವ ಜಾಗ ಮಸುಕು ಮಾಡುತ್ತಾರೆ. ಹೆಣದ ಲೆಕ್ಕ ಕಡಿಮೆ ಮಾಡಿ ಅಂತ ಹೇಳಿದ್ದನ್ನು ನಾನಂತೂ ಕೇಳಿಲ್ಲ. ಮುತ್ತನ್ನು ಸೆಕೆಂಡಿನಲ್ಲಿ ಅಳೆಯಬಹುದು, ಬೆತ್ತಲೆಯನ್ನು ಇಂಚಿನಲ್ಲಿ ಅಳೆಯಬಹುದು. ಕ್ರೌರ್ಯವನ್ನು ಯಾವ ಪಟ್ಟಿ ಹಿಡಿದು ಅಳೆಯುವುದು? ಅಳೆಯಲು ಬರುವುದಕ್ಕೇ ಕತ್ತರಿ ಬೀಳುತ್ತದೆ.

ಜಗತ್ತೆಲ್ಲ ಹೀಗೇನಾ ಅಂದರೆ ಅಲ್ಲ. ಸ್ವೀಡನ್ 1911ರಲ್ಲೇ ಸರ್ಕಾರಿ ಸೆನ್ಸಾರ್ ಶುರು ಮಾಡಿದ ದೇಶ. ಅವರ ತಲೆಬಿಸಿ ಮೈ ಬಗ್ಗೆ ಅಲ್ಲ, ಹೊಡೆತದ ಬಗ್ಗೆ. 1982ರ ಇ.ಟಿ. ಚಿತ್ರವನ್ನು, ಅದೇ ಆ ಮುದ್ದು ಅನ್ಯಗ್ರಹದ ಮರಿಯ ಚಿತ್ರವನ್ನು, 11 ವರ್ಷದೊಳಗಿನ ಮಕ್ಕಳು ನೋಡುವ ಹಾಗಿಲ್ಲ ಅಂದರು. ದೊಡ್ಡವರು ಮಕ್ಕಳನ್ನು ಹೆದರಿಸಿ ಅಟ್ಟುವುದನ್ನು ಸಣ್ಣವರು ನೋಡಬಾರದು ಅನ್ನುವ ಕಾಳಜಿ. ದೊಡ್ಡವರಿಗಾಗಿ ಅವರು ಕೊನೆಯ ಬಾರಿ ಕತ್ತರಿಸಿದ ಚಿತ್ರ ಸ್ಕಾರ್ಸೇಸಿಯ ಕ್ಯಾಸಿನೊ, ಅದೂ ಹಿಂಸೆಗಾಗಿ. ಜರ್ಮನಿಯಲ್ಲಿ ಹಾಫ್ ಲೈಫ್ ಅನ್ನುವ ಆಟ ಬಂದಾಗ ಅದರಲ್ಲಿನ ಸೈನಿಕರನ್ನು ರೋಬೋಟ್ ಮಾಡಿದರು, ಮನುಷ್ಯರ ಮೇಲೆ ಗುಂಡು ಹಾರಿಸುವುದು ಬೇಡ ಅಂತ. ಅದೇ ದೇಶದಲ್ಲಿ ಪಾರ್ಕಿನ ಹುಲ್ಲಿನ ಮೇಲೆ ಬಟ್ಟೆ ಇಲ್ಲದೆ ಬಿಸಿಲು ಕಾಯಿಸುವವರನ್ನು ಜನ ತಿರುಗಿಯೂ ನೋಡುವುದಿಲ್ಲ. ಮ್ಯೂನಿಕ್ಕಿಗೆ ಕೆಲಸಕ್ಕೆ ಹೋದ ನಮ್ಮ ಹುಡುಗರು ಮೊದಲ ಬೇಸಿಗೆಯಲ್ಲಿ ಮನೆಗೆ ಫೋನ್ ಮಾಡಿ ಹೇಳುವ ಸುದ್ದಿಯೇ ಅದು.

ಸರಿ, ನಮ್ಮದಕ್ಕೆ 'ಸಂಸ್ಕೃತಿ' ಕಾರಣ ಅನ್ನುವ ಮಾತಿದೆಯಲ್ಲ, ಅದನ್ನೂ ನೋಡಿಬಿಡೋಣ.

ಭರತನ ನಾಟ್ಯಶಾಸ್ತ್ರದಲ್ಲಿ ರಂಗದ ಮೇಲೆ ತೋರಿಸಬಾರದವುಗಳ ಮಾತು ಬರುತ್ತದೆ. ಮುತ್ತು, ಅಪ್ಪುಗೆ, ಮಲಗುವುದು ಬೇಡ. ಕಾರಣ ಏನು ಗೊತ್ತಾ? ನಾಟಕವನ್ನು ಅಪ್ಪ, ಮಗ, ಸೊಸೆ, ಅತ್ತೆ ಎಲ್ಲ ಒಟ್ಟಿಗೆ ಕೂತು ನೋಡುತ್ತಾರೆ, ಅದಕ್ಕೆ. ಇದನ್ನು ಓದಿದಾಗ ನನಗೆ ನಮ್ಮ ಮನೆ ಹಾಲ್ ನೆನಪಾಯಿತು. ಎಷ್ಟೋ ನೂರು ವರ್ಷ ಕಳೆದರೂ ರಿಮೋಟ್ ಹುಡುಕುವ ಕೈ ಅದೇ! ಆದರೆ ಭರತ ಅಲ್ಲಿಗೇ ನಿಲ್ಲಿಸಲಿಲ್ಲ. ಯುದ್ಧ, ಸಾವು, ನಗರದ ಮುತ್ತಿಗೆ, ಇವನ್ನೂ ರಂಗದ ಮೇಲೆ ನೇರವಾಗಿ ತೋರಿಸಬಾರದು, ಬೇರೆ ಪಾತ್ರಗಳ ಬಾಯಲ್ಲಿ ಹೇಳಿಸಬೇಕು ಅಂದ. ಎರಡಕ್ಕೂ ಒಂದೇ ಪರದೆ. ಭಾಸನಂಥವರು ದುರ್ಯೋಧನನನ್ನು ರಂಗದ ಮೇಲೇ ಸಾಯಿಸಿ ನಿಯಮ ಮುರಿದರು, ಆ ಮಾತು ಬೇರೆ. ನಾವು ಮಾಡಿದ್ದೇನು ಅಂದರೆ ಭರತನ ಮಾತಿನ ಅರ್ಧ ಉಳಿಸಿಕೊಂಡು ಇನ್ನರ್ಧ ಬಿಟ್ಟದ್ದು.

ಇನ್ನು ಬೆತ್ತಲೆ. ಶ್ರವಣಬೆಳಗೊಳಕ್ಕೆ ಶಾಲೆಯ ಟೂರಿನಲ್ಲಿ ಹೋಗದ ಕನ್ನಡದ ಮಕ್ಕಳು ಎಷ್ಟು ಜನ ಇದ್ದಾರು? ಬೆಟ್ಟ ಹತ್ತಿ ಏದುಸಿರು ಬಿಡುತ್ತ ನಿಂತರೆ ಎದುರಿಗೆ ನೂಲೆಳೆ ಇಲ್ಲದ ಬಾಹುಬಲಿ. ಟೀಚರ್ ಕಣ್ಣು ಮುಚ್ಚಿ ಅನ್ನುವುದಿಲ್ಲ. ಅಜ್ಜಿ ಕೈ ಮುಗಿಯುತ್ತಾಳೆ. ಬೆತ್ತಲೆಯೇ ತಪ್ಪಾದರೆ ಇದು ಹೇಗೆ? ಯಾಕೆಂದರೆ ಅಲ್ಲಿ ಆಸೆ ಇಲ್ಲ, ಆಸೆ ಬಿಟ್ಟವನ ಬೆತ್ತಲೆ ಅದು. ಆದರೆ ಹೆಣ್ಣಾದರೆ ಅದಕ್ಕೂ ವಿನಾಯಿತಿ ಕಡಿಮೆ. ಅಕ್ಕಮಹಾದೇವಿ ಉಟ್ಟದ್ದನ್ನು ಬಿಟ್ಟು ನಡೆದವಳು. ಕ್ಯಾಲೆಂಡರಿನ ಚಿತ್ರದಲ್ಲಿ ನೋಡಿ, ಮೊಣಕಾಲಿನವರೆಗೆ ಕೂದಲು ಇಳಿಬಿಟ್ಟು ಅಚ್ಚುಕಟ್ಟಾಗಿ ಮುಚ್ಚಿರುತ್ತಾರೆ. ಆಪನ್‌ಹೈಮರ್‌ನ ಆ ಕಪ್ಪು ಫ್ರಾಕಿನ ಅಜ್ಜಿ ಈ ಕೂದಲು.

ಬೇಲೂರಿಗೂ ಹೋಗಿ ಬನ್ನಿ. ಹೊರಗೋಡೆಯ ಉಗ್ರನರಸಿಂಹನ ಮುಂದೆ ಗೈಡು ಜನರನ್ನು ನಿಲ್ಲಿಸಿ, ಕರುಳು ಹೇಗೆ ಎಳೆದಿದ್ದಾನೆ ನೋಡಿ ಅಂತ ಬೆರಳು ತೋರಿಸಿ ವಿವರಿಸುತ್ತಾನೆ. ಮಕ್ಕಳನ್ನು ಮುಂದೆ ಕರೆದೇ ತೋರಿಸುತ್ತಾನೆ. ಕೋತಿ ಸೆರಗು ಎಳೆಯುವ ಮದನಿಕೆ ಬಂದಾಗ ಒಂದು ಜೋಕು ಹೊಡೆದು ಬೇಗ ಮುಂದೆ ನಡೆಸುತ್ತಾನೆ. ಕಲ್ಲಿನಲ್ಲಿ ಎರಡೂ ಒಂದೇ ಗೋಡೆಗೆ ಸೇರಿದವು. ಬೇರೆ ಮಾಡಿದ್ದು ನಾವು.

ಇದರಲ್ಲಿ ಬ್ರಿಟಿಷರ ಪಾಲೂ ಇದೆ, ಆದರೆ ಎಲ್ಲವನ್ನೂ ಅವರ ತಲೆಗೆ ಕಟ್ಟುವುದು ಸುಲಭದ ದಾರಿ. 1918ರ ಕಾಯ್ದೆ ತಂದು, 1920ರಲ್ಲಿ ಬಾಂಬೆ, ಮದ್ರಾಸು, ಕಲ್ಕತ್ತಾಗಳಲ್ಲಿ ಸೆನ್ಸಾರ್ ಮಂಡಳಿ ಕೂರಿಸಿದ್ದು ಅವರೇ. ಅವರಿಗಿದ್ದ ಒಂದು ದೊಡ್ಡ ಭಯ ಏನು ಗೊತ್ತಾ? ಹಾಲಿವುಡ್ ಚಿತ್ರಗಳಲ್ಲಿ ಬಿಳಿ ಹೆಂಗಸರ ಪ್ರಣಯ ನೋಡಿ ಇಲ್ಲಿನವರಿಗೆ ದೊರೆಗಳ ಮೇಲಿನ ಗೌರವ ಹೋಗಿಬಿಟ್ಟರೆ ಅಂತ! 1927ರಲ್ಲಿ ಮದ್ರಾಸಿನ ವಕೀಲ ಟಿ. ರಂಗಾಚಾರಿಯಾರ್ ನೇತೃತ್ವದಲ್ಲಿ ಒಂದು ಸಮಿತಿ ಕೂತದ್ದರ ಹಿಂದೆ ಈ ಆತಂಕವೂ ಇತ್ತು. ಹಾಗಂತ ನಮ್ಮವರ ಮುತ್ತಿಗೆ ಅಡ್ಡಿ ಇರಲಿಲ್ಲ. 1933ರ ಕರ್ಮ ಚಿತ್ರದಲ್ಲಿ ದೇವಿಕಾ ರಾಣಿ, ಹಿಮಾಂಶು ರಾಯ್ ತೆರೆಯ ಮೇಲೆ ಮುತ್ತಿಟ್ಟರು. ನಿಜಜೀವನದಲ್ಲೂ ಗಂಡ ಹೆಂಡತಿ. ಹೂವು, ಗಿಳಿಗಳ ಕಾಲ ಬಂದದ್ದು ಸ್ವತಂತ್ರರಾದ ಮೇಲೆ, ನಮ್ಮದೇ ಕೈಯಲ್ಲಿ.

ಇಷ್ಟೆಲ್ಲ ಹೇಳಿ ನಾನು ಮುಜುಗರಪಡುವವರನ್ನು ಹೀಯಾಳಿಸುತ್ತಿಲ್ಲ. ಅವರ ಕಡೆ ಒಂದು ಗಟ್ಟಿ ಮಾತಿದೆ, ಅದನ್ನು ಯಾರೂ ಸರಿಯಾಗಿ ಹೇಳುವುದಿಲ್ಲ. ತೆರೆಯ ಮೇಲಿನ ಹಿಂಸೆ ಪೂರ್ತಿ ಸುಳ್ಳು. ರಕ್ತ ಬಣ್ಣದ ನೀರು, ಮಚ್ಚು ರಬ್ಬರಿನದು, ಸತ್ತವನು ಕಟ್ ಅಂದ ಕೂಡಲೇ ಎದ್ದು ಬಂದು ಟೀ ಕುಡಿಯುತ್ತಾನೆ. ಆದರೆ ಬೆತ್ತಲೆ ಸುಳ್ಳಲ್ಲ. ಆ ಮೈ ಆ ನಟಿಯದೇ. ಪಾತ್ರ ಮುತ್ತಿಟ್ಟಾಗ ನಟರ ತುಟಿಗಳೂ ತಾಗಿರುತ್ತವೆ. ಕೊಲೆಯ ದೃಶ್ಯ ಯಾರನ್ನೂ ಕೊಲ್ಲುವುದಿಲ್ಲ, ಬಟ್ಟೆ ಬಿಚ್ಚುವ ದೃಶ್ಯ ಬಟ್ಟೆ ಬಿಚ್ಚಿಸುತ್ತದೆ. ಅದಕ್ಕೇ ನೋಡುವವರಿಗೆ ಬೇರೆ ಥರ ಅನ್ನಿಸುವುದರಲ್ಲಿ ಆಶ್ಚರ್ಯ ಇಲ್ಲ. ಆ ತುಣುಕು ಕತ್ತರಿಸಿ ಫೋನಿನಿಂದ ಫೋನಿಗೆ ಹಂಚಿದರೆ ಅವಮಾನ ಆಗುವುದು ಪಾತ್ರಕ್ಕಲ್ಲ, ನಟಿಗೆ. 2018ರಿಂದ ಹಾಲಿವುಡ್‌ನಲ್ಲಿ, ಆಮೇಲೆ ಮುಂಬೈಯಲ್ಲೂ ಫೈಟ್ ಮಾಸ್ಟರ್ ಇದ್ದ ಹಾಗೆ ಆಪ್ತ ದೃಶ್ಯಗಳಿಗೆ ಇಂಟಿಮೆಸಿ ಕೋಆರ್ಡಿನೇಟರ್ ಅನ್ನುವವರು ಬಂದಿರುವುದು ಇದಕ್ಕೇ. ಎಲ್ಲಿ ಮುಟ್ಟಬೇಕು, ಎಲ್ಲಿ ಮುಟ್ಟಬಾರದು ಅಂತ ಮೊದಲೇ ಮಾತಾಡಿ, ಒಪ್ಪಿಗೆ ಪಡೆದು, ಹೆಜ್ಜೆ ಹಾಕಿಸಿದ ಹಾಗೆ ಮಾಡಿಸುತ್ತಾರೆ. ಕತ್ತರಿಗಿಂತ ಇದು ನೂರು ಪಾಲು ಮೇಲು, ಯಾಕೆಂದರೆ ಇದು ನಟಿಯನ್ನು ಕಾಯುತ್ತದೆ. ಕತ್ತರಿ ಕಾಯುವುದು ಹಾಲ್‌ನಲ್ಲಿ ಕೂತ ನಮ್ಮ ಮುಜುಗರವನ್ನು ಮಾತ್ರ.

ಹಿಂಸೆ ನೋಡಿದರೆ ಮಕ್ಕಳು ಹಿಂಸೆ ಮಾಡುತ್ತಾರಾ ಅನ್ನುವುದಕ್ಕೂ ನೇರ ಉತ್ತರ ಇಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ 2020ರಲ್ಲಿ, ವಿಡಿಯೋ ಗೇಮ್‌ಗಳಿಗೂ ಕಿರುಚುವುದು, ತಳ್ಳುವುದರಂಥ ವರ್ತನೆಗೂ ಸಣ್ಣ ನಂಟು ಕಾಣುತ್ತದೆ, ಆದರೆ ಕೊಲೆ, ಗುಂಡಿನ ದಾಳಿಗಳಿಗೆ ಗೇಮ್ ಕಾರಣ ಅನ್ನಲು ಸಾಕಷ್ಟು ಆಧಾರ ಇಲ್ಲ ಅಂದಿತು. ಹಾಗಾಗಿ ಗಾಂಧಿನಗರದ ಲಾಂಗು ಪಿಕ್ಚರ್‌ಗಳಿಂದಲೇ ರೌಡಿಗಳು ಹುಟ್ಟಿದರು ಅಂತಲೂ ನಾನು ಹೇಳಲಾರೆ.

ಕೊನೆಗೆ ದುಡ್ಡಿನ ಲೆಕ್ಕ ಬರುತ್ತದೆ. 'ಎ' ಸಿಕ್ಕ ಚಿತ್ರ ಟಿವಿಗೆ ಹೋಗುವಂತಿಲ್ಲ. ಹೋಗಬೇಕಾದರೆ ಕತ್ತರಿಸಿ ಯು ಅಥವಾ ಯು/ಎ ಮಾಡಿಸಿಕೊಳ್ಳಬೇಕು. ಟಿವಿ ಹಕ್ಕಿನ ದುಡ್ಡು ಸಣ್ಣದಲ್ಲ. ಅದಕ್ಕೇ ಮಂಡಳಿ ಕೇಳುವ ಮೊದಲೇ ಎಡಿಟಿಂಗ್ ಟೇಬಲ್ಲಿನಲ್ಲಿ ಮುತ್ತು ಹಾರಿಹೋಗಿರುತ್ತದೆ. ಮಚ್ಚು ಹೋಗುವುದಿಲ್ಲ, ಪೋಸ್ಟರಿನಲ್ಲೇ ಅದು ಇರಬೇಕು. ಅಪರೂಪಕ್ಕೆ ಹಿಂಸೆಗೂ ಬಾಗಿಲು ಮುಚ್ಚಿದ್ದುಂಟು. 2024ರ ಕೊನೆಯಲ್ಲಿ ಬಂದ ಮಲಯಾಳಂನ ಮಾರ್ಕೊ ಎಷ್ಟು ಕ್ರೂರವಾಗಿತ್ತು ಅಂದರೆ, ಮರುವರ್ಷ ಟಿವಿ ಪ್ರಸಾರಕ್ಕೆ ದರ್ಜೆ ಇಳಿಸಿ ಅಂತ ಕೇಳಿದಾಗ ಮಂಡಳಿ ಒಪ್ಪಲಿಲ್ಲ. ಓಟಿಟಿಯಲ್ಲಿ ಮುಂಚಿತ ಸೆನ್ಸಾರ್ ಇಲ್ಲ, 2021ರ ನಿಯಮದಂತೆ ಅವರೇ ವಯಸ್ಸಿನ ಗುರುತು ಹಾಕಿಕೊಳ್ಳುತ್ತಾರೆ. 2025ರ ಜುಲೈನಲ್ಲಿ ಕೇಂದ್ರ ಸರ್ಕಾರ 25 ಓಟಿಟಿ ಆ್ಯಪ್‌ಗಳನ್ನು ಮುಚ್ಚಿಸಿತು. ಕಾರಣ ಅಶ್ಲೀಲತೆ. ಬೆಂಗಳೂರಿನ ಹುಡುಗರು ಒಂದು ಕಾಲಕ್ಕೆ 'ದೇವರ ಸಿನಿಮಾ' ಅಂತ ಗುಟ್ಟಾಗಿ ಕರೆಯುತ್ತಿದ್ದ ಜಾತಿಯ ಸರಕು ಅವುಗಳಲ್ಲಿ ಜಾಸ್ತಿ ಇತ್ತು ಅನ್ನುವುದು ನಿಜವೇ.

2023ರಲ್ಲಿ ಕಾಯ್ದೆ ತಿದ್ದಿ ಯು/ಎ ದರ್ಜೆಯನ್ನು 7, 13, 16 ವರ್ಷ ಅಂತ ಮೂರು ಮಾಡಿದ್ದಾರೆ. ಒಳ್ಳೆಯದೇ. ಆದರೆ ಇದು ಅಪ್ಪ ಅಮ್ಮನಿಗೆ ಕೊಟ್ಟ ಸೂಚನೆ ಮಾತ್ರ. ಗೇಟಿನಲ್ಲಿ ಟಿಕೆಟ್ ಹರಿಯುವವನು ಯಾರನ್ನೂ ತಡೆಯುವ ಹಾಗಿಲ್ಲ.

ಹೋದ ವರ್ಷ ಯು/ಎ 16 ಅಂತಿದ್ದ ಒಂದು ಚಿತ್ರಕ್ಕೆ ಹೋಗಿದ್ದೆ. ಪಕ್ಕದಲ್ಲಿ ಒಬ್ಬ ಅಪ್ಪ, ಜತೆಗೆ ಆರೇಳು ವರ್ಷದ ಹುಡುಗ. ಮಾರ್ಕೆಟ್ಟಿನ ಫೈಟಿನಲ್ಲಿ ಒಬ್ಬನ ಕೈ ಹಾರಿಹೋಯಿತು, ಹುಡುಗ ಪಾಪ್‌ಕಾರ್ನ್ ತಿನ್ನುತ್ತಿದ್ದ. ಆಮೇಲೆ ಮಳೆ ಬಂತು, ನಾಯಕಿ ಬಾಗಿಲು ಹಾಕಿ ತಿರುಗಿದಳು. ಅಪ್ಪನ ಅಂಗೈ ಹುಡುಗನ ಕಣ್ಣಿನ ಮೇಲೆ ಬಂತು. ಎಂಟು ಹತ್ತು ಸೆಕೆಂಡ್ ಇರಬಹುದು. ಕೈ ತೆಗೆದಾಗ ತೆರೆಯ ಮೇಲೆ ಬೆಳಗಾಗಿತ್ತು.

"ಅಪ್ಪಾ, ಏನಾಯ್ತು? ಸತ್ತೋದ್ರಾ ಅವ್ರು?" ಅಂದ ಹುಡುಗ.

"ಇಲ್ಲ ಮಗಾ, ನಿದ್ದೆ ಮಾಡಿದ್ರು."